ಎಂಬೆಡೆಡ್ ಪ್ರೊಸೆಸರ್‌ಗಳಲ್ಲಿ ಶಕ್ತಿ ಉಳಿತಾಯದ ಕಂಪೈಲರ್ ತಂತ್ರಗಳು

ಎಂಬೆಡೆಡ್ ಪ್ರೊಸೆಸರ್‌ಗಳಲ್ಲಿ ಶಕ್ತಿ ಉಳಿತಾಯದ ಕಂಪೈಲರ್ ತಂತ್ರಗಳು ಎಂದರೆ, ಉಪಕರಣವೊಂದರ ಒಳಗೆ ಅಡಕವಾಗಿರುವ ಪ್ರೊಸೆಸರ್ ತನ್ನ ಕೆಲಸವನ್ನು ಆದಷ್ಟು ಕಡಿಮೆ ವಿದ್ಯುತ್ ಶಕ್ತಿಯಲ್ಲಿ ಮುಗಿಸುವಂತೆ ಮಾಡಲು ಕಂಪೈಲರ್ ಅನುಸರಿಸುವ ವಿಧಾನಗಳು. ಕಂಪೈಲರ್ ಎಂಬುದು ಸಿ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಯ ಆದೇಶಗಳಾಗಿ ಮಾರ್ಪಡಿಸುವ ತಂತ್ರಾಂಶ. ಒಂದೇ ಪ್ರೋಗ್ರಾಂ ಅನ್ನು ಹಲವು ಬಗೆಯ ಆದೇಶಗಳ ಸಾಲಾಗಿ ಬರೆಯಲು ಸಾಧ್ಯವಿದೆ. ಅವೆಲ್ಲವೂ ಒಂದೇ ಉತ್ತರ ಕೊಟ್ಟರೂ ಅವು ಬಳಸುವ ಶಕ್ತಿ ಒಂದೇ ಆಗಿರುವುದಿಲ್ಲ. ಅವುಗಳಲ್ಲಿ ಮಿತವ್ಯಯದ್ದನ್ನು ಹುಡುಕುವುದೇ ಈ ತಂತ್ರಗಳ ಉದ್ದೇಶ.

ಮೇಜಿನ ಮೇಲಿನ ಗಣಕಯಂತ್ರದ ಕಂಪೈಲರ್‌ಗೆ ವೇಗವೇ ಮುಖ್ಯ. ವಿದ್ಯುತ್ ಮೀಟರ್, ಕೈಗಡಿಯಾರ, ಮಣ್ಣಿನ ತೇವಾಂಶ ಅಳೆಯುವ ಸಂವೇದಕ, ಶ್ರವಣ ಸಾಧನ ಮುಂತಾದವುಗಳ ಸ್ಥಿತಿ ಬೇರೆ. ಇವುಗಳಲ್ಲಿ ಹಲವು ಸಣ್ಣ ಬ್ಯಾಟರಿಯೊಂದರ ಮೇಲೆ ವರ್ಷಗಟ್ಟಲೆ ನಡೆಯಬೇಕು. ಎದೆಯ ಚರ್ಮದಡಿ ಕೂರಿಸಿದ ಪೇಸ್‌ಮೇಕರ್‌ನ ಬ್ಯಾಟರಿ ಬರಿದಾದರೆ ಅದನ್ನು ಬದಲಾಯಿಸಲು ಮತ್ತೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಇಂತಹ ಕಡೆ ಶಕ್ತಿಯ ಉಳಿತಾಯ ಎಂಬುದು ಕೇವಲ ಖರ್ಚಿನ ಮಾತಲ್ಲ.

ಶಕ್ತಿ ಮತ್ತು ಸಾಮರ್ಥ್ಯ

ಈ ವಿಷಯದಲ್ಲಿ ಶಕ್ತಿ ಮತ್ತು ಸಾಮರ್ಥ್ಯ ಎಂಬ ಎರಡು ಪದಗಳನ್ನು ಬೆರೆಸಿಕೊಳ್ಳದೆ ಅರಿಯುವುದು ಅಗತ್ಯ. ಸಾಮರ್ಥ್ಯವೆಂದರೆ ಶಕ್ತಿ ವ್ಯಯವಾಗುವ ದರ; ಇದನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. ಶಕ್ತಿಯೆಂದರೆ ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದಾಗ ಬರುವ ಮೊತ್ತ. ಇದರ ಮಾನ ಜೂಲ್. ಬ್ಯಾಟರಿಯಲ್ಲಿ ತುಂಬಿರುವುದು ಶಕ್ತಿ, ಚಿಪ್ಪನ್ನು ಬಿಸಿಯಾಗಿಸುವುದು ಸಾಮರ್ಥ್ಯ. ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಕೆಲಸದ ಅವಧಿಯನ್ನು ಎರಡು ಪಟ್ಟು ಮಾಡಿದರೆ ಚಿಪ್ಪು ತಣ್ಣಗಿರುತ್ತದೆ, ಆದರೆ ಬ್ಯಾಟರಿಗೆ ಏನೂ ಲಾಭವಿಲ್ಲ. ಈ ವಿಷಯದ ಅನೇಕ ಬರಹಗಳಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿರುವುದರಿಂದ ಓದುವವರು ಎಚ್ಚರದಿಂದಿರಬೇಕು.

ಈಗಿನ ಚಿಪ್ಪುಗಳಲ್ಲಿ ಸಾಮರ್ಥ್ಯದ ವ್ಯಯ ಎರಡು ಬಗೆಯಲ್ಲಿ ಆಗುತ್ತದೆ. ಟ್ರಾನ್ಸಿಸ್ಟರ್‌ಗಳು 0 ಯಿಂದ 1 ಕ್ಕೆ, 1 ರಿಂದ 0 ಗೆ ಹೊರಳುವಾಗ ಆಗುವುದು ಚಲನಶೀಲ ವ್ಯಯ. ಇದರ ಸೂತ್ರ ಹೀಗಿದೆ:

ಸಾಮರ್ಥ್ಯ = ಹೊರಳುವಿಕೆಯ ಪ್ರಮಾಣ × ಧಾರಕತೆ × ವಿಭವಾಂತರದ ವರ್ಗ × ಆವೃತ್ತಿ

ಟ್ರಾನ್ಸಿಸ್ಟರ್‌ಗಳು ಸುಮ್ಮನಿರುವಾಗಲೂ ಅವುಗಳ ಮೂಲಕ ಅಲ್ಪ ಪ್ರಮಾಣದ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಇದು ಸೋರಿಕೆಯ ವ್ಯಯ. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುವ ನೀರಿನಂತೆ ಇದು. ಟ್ರಾನ್ಸಿಸ್ಟರ್‌ಗಳ ಗಾತ್ರ ಕಿರಿದಾದಂತೆ ಸೋರಿಕೆಯ ಪಾಲು ಹೆಚ್ಚುತ್ತಾ ಬಂದಿತು.

ಮೇಲಿನ ಸೂತ್ರದಲ್ಲಿ ಧಾರಕತೆಯನ್ನು ನಿರ್ಧರಿಸುವುದು ಚಿಪ್ಪಿನ ವಿನ್ಯಾಸಕಾರರು. ಉಳಿದವುಗಳ ಮೇಲೆ ಕಂಪೈಲರ್‌ಗೆ ಸ್ವಲ್ಪಮಟ್ಟಿಗೆ ಹಿಡಿತವಿದೆ. ಯಾವ ಆದೇಶ ಮೊದಲು, ಯಾವುದು ನಂತರ ಎಂಬುದರಿಂದ ಹೊರಳುವಿಕೆ ಬದಲಾಗುತ್ತದೆ. ವಿಭವಾಂತರ ಮತ್ತು ಆವೃತ್ತಿಯನ್ನು ನಡುವೆ ಬದಲಿಸಲು ಅವಕಾಶವಿರುವ ಪ್ರೊಸೆಸರ್‌ಗಳಲ್ಲಿ ಆ ಬದಲಾವಣೆಯ ಆದೇಶಗಳನ್ನೂ ಕಂಪೈಲರ್ ಸೇರಿಸಬಲ್ಲದು. ಎಲ್ಲಕ್ಕಿಂತ ಮಿಗಿಲಾಗಿ, ಒಟ್ಟು ಆದೇಶಗಳ ಸಂಖ್ಯೆ ಮತ್ತು ಮೆಮೊರಿಯ ಬಳಕೆ ಅದರ ಕೈಯಲ್ಲಿದೆ.

ಒಂದು ಲೆಕ್ಕ

ಮೂರು ವೋಲ್ಟ್‌ನ ಬಿಲ್ಲೆಯಾಕಾರದ ಸಿಆರ್ 2032 ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪಿಯರ್-ಗಂಟೆ ವಿದ್ಯುದಂಶವಿರುತ್ತದೆ. ಇದನ್ನು ಹಾಕಿದ ಒಂದು ಸಂವೇದಕ ನಿದ್ರೆಯಲ್ಲಿ 2 ಮೈಕ್ರೋಆಂಪಿಯರ್, ಎಚ್ಚರದಲ್ಲಿ 5 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಭಾವಿಸೋಣ. ಪ್ರತಿ 10 ಸೆಕೆಂಡಿಗೊಮ್ಮೆ ಅದು 20 ಮಿಲಿಸೆಕೆಂಡ್ ಕಾಲ ಎಚ್ಚರಗೊಂಡು ಲೆಕ್ಕ ಮಾಡಿ ಮತ್ತೆ ಮಲಗುತ್ತದೆ. ಆಗ ಎಚ್ಚರದ ಸರಾಸರಿ ಪಾಲು 10 ಮೈಕ್ರೋಆಂಪಿಯರ್, ನಿದ್ರೆಯದು 2, ಒಟ್ಟು 12. ಈ ದರದಲ್ಲಿ ಬ್ಯಾಟರಿ 18,750 ಗಂಟೆ, ಅಂದರೆ ಸುಮಾರು 781 ದಿನ ಬರುತ್ತದೆ. ಅದೇ ಪ್ರೋಗ್ರಾಂ ಅನ್ನು ಉತ್ತಮವಾಗಿ ಕಂಪೈಲ್ ಮಾಡಿ ಎಚ್ಚರದ ಅವಧಿಯನ್ನು 14 ಮಿಲಿಸೆಕೆಂಡ್‌ಗೆ ಇಳಿಸಿದರೆ ಸರಾಸರಿ 9 ಮೈಕ್ರೋಆಂಪಿಯರ್ ಆಗಿ, ಬ್ಯಾಟರಿ 25,000 ಗಂಟೆ, ಅಂದರೆ ಸುಮಾರು 1,041 ದಿನ ಬಾಳುತ್ತದೆ. ಯಂತ್ರಾಂಶವನ್ನು ಮುಟ್ಟದೆ ಎಂಟು ತಿಂಗಳಿಗೂ ಹೆಚ್ಚಿನ ಆಯುಸ್ಸು ದೊರೆಯಿತು. ಬ್ಯಾಟರಿ ತಾನಾಗಿಯೇ ಕ್ಷಯಿಸುವುದನ್ನು ಈ ಲೆಕ್ಕದಲ್ಲಿ ಬಿಡಲಾಗಿದೆ. ನಿದ್ರೆಯ ಪಾಲು ದೊಡ್ಡದಾಗಿದ್ದಲ್ಲಿ ಲಾಭ ಇಷ್ಟು ಕಾಣದು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಅಳತೆಯಿಂದ ಆರಂಭ

ಪ್ರೋಗ್ರಾಂ ಬಳಸುವ ಶಕ್ತಿಯನ್ನು ಆದೇಶಗಳ ಮಟ್ಟದಲ್ಲಿ ಅಳೆಯುವ ಕ್ರಮಬದ್ಧ ಪ್ರಯತ್ನಕ್ಕೆ 1994ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿವೇಕ್ ತಿವಾರಿ, ಶರದ್ ಮಲಿಕ್ ಮತ್ತು ಆ್ಯಂಡ್ರೂ ವುಲ್ಫ್ ಪ್ರಕಟಿಸಿದ ಪ್ರಬಂಧ ಅಡಿಪಾಯ ಹಾಕಿತು. ಅವರ ವಿಧಾನ ಸರಳವಾಗಿತ್ತು. ಒಂದೇ ಆದೇಶವನ್ನು ಅನೇಕ ಸಲ ಬರೆದು ಲೂಪ್‌ನಲ್ಲಿ ಓಡಿಸಿ, ಆಗ ಪ್ರೊಸೆಸರ್ ಎಳೆಯುವ ವಿದ್ಯುತ್ ಪ್ರವಾಹವನ್ನು ಅಳೆದರು. ಹೀಗೆ ದೊರೆತದ್ದು ಆ ಆದೇಶದ ಮೂಲ ವೆಚ್ಚ. ಬಳಿಕ ಎರಡು ಭಿನ್ನ ಆದೇಶಗಳನ್ನು ಒಂದರ ಹಿಂದೊಂದು ಇಟ್ಟು ಅಳೆದಾಗ, ಅವುಗಳ ಮೂಲ ವೆಚ್ಚದ ಸರಾಸರಿಗಿಂತ ಸ್ವಲ್ಪ ಹೆಚ್ಚು ಪ್ರವಾಹ ಕಂಡುಬಂದಿತು. ಒಂದು ಆದೇಶದಿಂದ ಮತ್ತೊಂದಕ್ಕೆ ಹೊರಳುವಾಗ ಮಂಡಲದ ಸ್ಥಿತಿ ಬದಲಾಗುವುದೇ ಈ ಹೆಚ್ಚುವರಿಗೆ ಕಾರಣ. ಇವೆರಡಕ್ಕೆ ಕ್ಯಾಶ್ ತಪ್ಪುವಿಕೆ, ಕಾಯುವಿಕೆ ಮೊದಲಾದವುಗಳ ವೆಚ್ಚವನ್ನು ಕೂಡಿಸಿದರೆ ಪ್ರೋಗ್ರಾಂನ ಒಟ್ಟು ಶಕ್ತಿಯನ್ನು ಅಂದಾಜು ಮಾಡಬಹುದು.

ಇಂಟೆಲ್ 486ಡಿಎಕ್ಸ್2 ಪ್ರೊಸೆಸರ್‌ನಲ್ಲಿ ರಿಜಿಸ್ಟರ್‌ಗಳನ್ನಷ್ಟೇ ಬಳಸುವ ಆದೇಶಗಳಿಗೆ ಸುಮಾರು 300 ಮಿಲಿಆಂಪಿಯರ್ ಬೇಕಾದರೆ, ಮೆಮೊರಿಯಿಂದ ಓದುವ ಆದೇಶಗಳಿಗೆ 400ಕ್ಕೂ ಹೆಚ್ಚು ಬೇಕಾಗುತ್ತಿತ್ತು. ಅದೂ ಬೇಕಾದ ದತ್ತಾಂಶ ಕ್ಯಾಶ್‌ನಲ್ಲೇ ಸಿಕ್ಕಾಗ. ಈ ಅರಿವಿನಿಂದ ಕೈಯಾರೆ ತಿದ್ದಿ ಬರೆದ ಒಂದು ವಿಂಗಡಣೆಯ ಪ್ರೋಗ್ರಾಂನಲ್ಲಿ ಶಕ್ತಿಯ ಬಳಕೆ ಸುಮಾರು 40% ಇಳಿಯಿತು. ಆದೇಶಗಳ ಕ್ರಮ ಬದಲಿಸಿದ್ದರಿಂದ ಮಾತ್ರ ಆ ದೊಡ್ಡ ಪ್ರೊಸೆಸರ್‌ನಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಸಂಕೇತ ಸಂಸ್ಕರಣೆಗೆಂದೇ ರಚಿಸಿದ ಸಣ್ಣ ಪ್ರೊಸೆಸರ್‌ನಲ್ಲಿ ಅದೇ ಬಳಗ ಮುಂದೆ ಮಾಡಿದ ಅಧ್ಯಯನದಲ್ಲಿ ಕ್ರಮಕ್ಕೂ ಬೆಲೆಯಿದೆ ಎಂದು ಕಂಡಿತು. ಅಲ್ಲಿ ಗುಣಾಕಾರದ ಎರಡು ಸಂಖ್ಯೆಗಳ ಸ್ಥಾನವನ್ನು ಅದಲುಬದಲು ಮಾಡುವುದರಿಂದಲೂ ಶಕ್ತಿ ಉಳಿಯಿತು. ಐದನ್ನು ಏಳರಿಂದ ಗುಣಿಸಿದರೂ ಏಳನ್ನು ಐದರಿಂದ ಗುಣಿಸಿದರೂ ಉತ್ತರ ಒಂದೇ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಗುಣಾಕಾರ ಮಾಡುವ ಮಂಡಲಕ್ಕೆ ಎರಡೂ ಒಂದೇ ಶ್ರಮವಲ್ಲ.

ಮಸ್ಯಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಮಿತ್ ಸಿನ್ಹಾ ಮತ್ತು ಅನಂತ ಚಂದ್ರಕಾಸನ್ 2001ರಲ್ಲಿ ಪ್ರಕಟಿಸಿದ ಜೂಲ್‌ಟ್ರ್ಯಾಕ್ ಎಂಬ ಸಾಧನದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್‌ನಲ್ಲಿ ಪ್ರೋಗ್ರಾಂಗಳ ನಡುವೆ ವಿದ್ಯುತ್ ಪ್ರವಾಹದ ವ್ಯತ್ಯಾಸ ಅಲ್ಪವಾಗಿತ್ತು. ಅಂತಹ ಯಂತ್ರದಲ್ಲಿ ಬೇಗ ಮುಗಿಯುವ ಪ್ರೋಗ್ರಾಂ ಬಹುಮಟ್ಟಿಗೆ ಕಡಿಮೆ ಶಕ್ತಿಯ ಪ್ರೋಗ್ರಾಂ ಕೂಡ ಆಗಿರುತ್ತದೆ. ಹಾಗಾದರೆ ಶಕ್ತಿಗೆಂದೇ ಬೇರೆ ತಂತ್ರ ಏಕೆ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಚರ್ಚೆಯಲ್ಲಿದೆ. ವೇಗ ಮತ್ತು ಶಕ್ತಿ ಬೇರೆ ದಾರಿ ಹಿಡಿಯುವುದು ಮುಖ್ಯವಾಗಿ ಮೆಮೊರಿಯಲ್ಲಿ, ವಿಭವಾಂತರದ ಬದಲಾವಣೆಯಲ್ಲಿ ಮತ್ತು ನಿದ್ರೆಯ ನಿರ್ವಹಣೆಯಲ್ಲಿ.

ಮೆಮೊರಿಯ ಬಳಕೆ

ಲೆಕ್ಕ ಮಾಡುವುದಕ್ಕಿಂತ ದತ್ತಾಂಶವನ್ನು ತಂದುಕೊಡುವುದೇ ಹೆಚ್ಚು ದುಬಾರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ನೀಡಿದ ಅಂದಾಜಿನಂತೆ, 45 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್ಪಿನಲ್ಲಿ 32 ಬಿಟ್‌ಗಳ ಎರಡು ಪೂರ್ಣಾಂಕಗಳನ್ನು ಕೂಡಲು ಸುಮಾರು 0.1 ಪಿಕೋಜೂಲ್ ಸಾಕು, ಗುಣಿಸಲು ಸುಮಾರು 3 ಪಿಕೋಜೂಲ್. ಎಂಟು ಕಿಲೋಬೈಟ್‌ನ ಕ್ಯಾಶ್‌ನಿಂದ ಒಮ್ಮೆ ಓದಲು ಸುಮಾರು 10 ಪಿಕೋಜೂಲ್ ಬೇಕು. ಚಿಪ್ಪಿನ ಹೊರಗಿನ ಡಿ-ರ‍್ಯಾಮ್‌ಗೆ ಹೋದರೆ 1.3ರಿಂದ 2.6 ನ್ಯಾನೋಜೂಲ್, ಅಂದರೆ ಒಂದು ಕೂಡುವಿಕೆಯ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು. ಅತಿ ಸಣ್ಣ ಮೈಕ್ರೋಕಂಟ್ರೋಲರ್‌ಗಳಲ್ಲಿ ಡಿ-ರ‍್ಯಾಮ್ ಇರುವುದಿಲ್ಲವಾದರೂ ದೂರ ಹೋದಷ್ಟೂ ವೆಚ್ಚ ಹೆಚ್ಚು ಎಂಬ ನಿಯಮ ಅಲ್ಲಿಯೂ ಸಲ್ಲುತ್ತದೆ.

ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ, ಅರಿಸಿನ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತವೆ. ವರ್ಷಕ್ಕಾಗುವ ಹುಣಿಸೆಹಣ್ಣು ಅಟ್ಟದ ಮೇಲಿರುತ್ತದೆ. ಕಂಪೈಲರ್ ಮಾಡಬೇಕಾದ ಕೆಲಸವೂ ಇದೇ: ಪದೇಪದೇ ಬೇಕಾಗುವುದನ್ನು ಕೈಗೆಟಕುವಲ್ಲಿ ಇಡುವುದು.

ಕೈಗೆ ಅತಿ ಹತ್ತಿರವಿರುವುದು ರಿಜಿಸ್ಟರ್. ಅವುಗಳ ಸಂಖ್ಯೆ ಮಿತವಾದ್ದರಿಂದ ಯಾವ ಚರಕ್ಕೆ ಯಾವ ರಿಜಿಸ್ಟರ್ ಎಂಬ ಹಂಚಿಕೆ ಕಂಪೈಲರ್‌ನ ಮುಖ್ಯ ಹಂತಗಳಲ್ಲೊಂದು. ಐಬಿಎಂ ಸಂಸ್ಥೆಯ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ನಕ್ಷೆಗೆ ಬಣ್ಣ ಹಚ್ಚುವ ಸಮಸ್ಯೆಯಾಗಿ ಪರಿವರ್ತಿಸಿದರು. ಒಂದೇ ಕಾಲದಲ್ಲಿ ಬೇಕಾಗುವ ಎರಡು ಚರಗಳಿಗೆ ಒಂದೇ ಬಣ್ಣ ಬರಬಾರದು, ಬಣ್ಣಗಳ ಸಂಖ್ಯೆ ರಿಜಿಸ್ಟರ್‌ಗಳ ಸಂಖ್ಯೆಯನ್ನು ಮೀರಬಾರದು. ಬಣ್ಣ ಸಾಲದಿದ್ದರೆ ಕೆಲವು ಚರಗಳನ್ನು ಮೆಮೊರಿಗೆ ಚೆಲ್ಲಬೇಕಾಗುತ್ತದೆ. ಹಾಗೆ ಚೆಲ್ಲಿದ ಪ್ರತಿಯೊಂದಕ್ಕೂ ಬರೆಯುವ ಮತ್ತು ಓದುವ ಆದೇಶಗಳು ಸೇರಿಕೊಳ್ಳುತ್ತವೆ. ವೇಗಕ್ಕೆಂದು ರೂಪುಗೊಂಡ ಈ ತಂತ್ರ ಶಕ್ತಿಯ ದೃಷ್ಟಿಯಿಂದಲೂ ಅತ್ಯಂತ ಫಲಪ್ರದವಾದುದು.

ಲೂಪ್‌ಗಳ ಕ್ರಮಕ್ಕೂ ಮಹತ್ವವಿದೆ. ಸಿ ಭಾಷೆಯಲ್ಲಿ ಎರಡು ಆಯಾಮದ ಕೋಷ್ಟಕವನ್ನು ಅಡ್ಡಸಾಲುಗಳ ಅನುಕ್ರಮದಲ್ಲಿ ಮೆಮೊರಿಯಲ್ಲಿ ಇಡಲಾಗುತ್ತದೆ. ಕ್ಯಾಶ್ ಒಂದು ಬಾರಿಗೆ 32 ಬೈಟ್ ತರುತ್ತದೆ, ಪ್ರತಿ ಸಂಖ್ಯೆ 4 ಬೈಟ್ ಎಂದಾದರೆ ಒಂದು ತರುವಿಕೆಯಲ್ಲಿ ಎಂಟು ಸಂಖ್ಯೆಗಳು ಬರುತ್ತವೆ. ಅಡ್ಡಸಾಲಿನಲ್ಲಿ ಓದುತ್ತಾ ಹೋದರೆ ಎಂಟಕ್ಕೊಮ್ಮೆ ಮಾತ್ರ ಹೊರಗಿನ ಮೆಮೊರಿಗೆ ಹೋಗಬೇಕು. ಕೋಷ್ಟಕ ದೊಡ್ಡದಾಗಿದ್ದು ಕಂಬಸಾಲಿನಲ್ಲಿ ಓದಿದರೆ ಪ್ರತಿ ಸಲವೂ ಹೋಗಬೇಕಾಗಬಹುದು. ಒಳಗಿನ ಮತ್ತು ಹೊರಗಿನ ಲೂಪ್‌ಗಳನ್ನು ಅದಲುಬದಲು ಮಾಡುವುದು, ದೊಡ್ಡ ಕೋಷ್ಟಕವನ್ನು ಕ್ಯಾಶ್‌ಗೆ ಹಿಡಿಸುವಷ್ಟು ತುಂಡುಗಳಾಗಿ ಸಂಸ್ಕರಿಸುವುದು, ಒಂದೇ ದತ್ತಾಂಶದ ಮೇಲೆ ಓಡುವ ಎರಡು ಲೂಪ್‌ಗಳನ್ನು ಒಂದಾಗಿಸುವುದು ಈ ದೋಷಕ್ಕೆ ಪರಿಹಾರ. ಉತ್ತರ ಬದಲಾಗದು ಎಂದು ಖಚಿತವಾದಾಗ ಮಾತ್ರ ಕಂಪೈಲರ್ ಹೀಗೆ ಮಾಡಲು ಅನುಮತಿಯಿದೆ. ಆ ಖಾತರಿ ದೊರಕಿಸಿಕೊಳ್ಳುವುದೇ ಹೆಚ್ಚು ಕಷ್ಟದ ಭಾಗ.

ಸ್ಕ್ರ್ಯಾಚ್‌ಪ್ಯಾಡ್ ಮೆಮೊರಿ

ಕ್ಯಾಶ್‌ನಲ್ಲಿ ಬೇಕಾದ ದತ್ತಾಂಶ ಇದೆಯೋ ಇಲ್ಲವೋ ಎಂದು ಪ್ರತಿ ಸಲ ಗುರುತುಚೀಟಿಗಳನ್ನು ಹೋಲಿಸಿ ನೋಡಬೇಕು. ಆ ಹೋಲಿಕೆಗೂ ಶಕ್ತಿ ಬೇಕು. ಸ್ಕ್ರ್ಯಾಚ್‌ಪ್ಯಾಡ್ ಎಂಬುದು ಅಂತಹ ಹೋಲಿಕೆಯಿಲ್ಲದ, ಚಿಪ್ಪಿನೊಳಗಿನ ಸಣ್ಣ ಮೆಮೊರಿ. ಅಲ್ಲಿ ಏನಿರಬೇಕೆಂದು ಯಂತ್ರಾಂಶ ನಿರ್ಧರಿಸುವುದಿಲ್ಲ; ಪ್ರೋಗ್ರಾಮರ್ ಅಥವಾ ಕಂಪೈಲರ್ ನಿರ್ಧರಿಸಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಪ್ರೀತಿರಂಜನ್ ಪಾಂಡಾ, ನಿಖಿಲ್ ದತ್ ಮತ್ತು ಅಲೆಕ್ಸಾಂಡ್ರು ನಿಕೊಲಾವ್ 1990ರ ದಶಕದ ಉತ್ತರಾರ್ಧದಲ್ಲಿ ಇದರ ಸಮರ್ಥ ಬಳಕೆಯ ಕುರಿತು ಕೆಲಸ ಮಾಡಿದರು. 2002ರಲ್ಲಿ ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಡಾರ್ಟ್‌ಮುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಜಂಟಿಯಾಗಿ ಕ್ಯಾಶ್ ಮತ್ತು ಸ್ಕ್ರ್ಯಾಚ್‌ಪ್ಯಾಡ್‌ಗಳನ್ನು ಹೋಲಿಸಿದರು. ರಾಜೇಶ್ವರಿ ಬಣಕಾರ, ಎಂ. ಬಾಲಕೃಷ್ಣನ್, ಪೀಟರ್ ಮಾರ್ವೆಡೆಲ್ ಮೊದಲಾದವರ ಈ ಪ್ರಬಂಧದ ಪ್ರಕಾರ ಸ್ಕ್ರ್ಯಾಚ್‌ಪ್ಯಾಡ್‌ನಿಂದ ಸರಾಸರಿ 40% ಶಕ್ತಿ ಉಳಿಯುತ್ತದೆ.

ಯಾವುದನ್ನು ಅದರಲ್ಲಿ ಇಡಬೇಕು ಎಂಬುದು ಗಣಿತದಲ್ಲಿ ಪ್ರಸಿದ್ಧವಾದ ಚೀಲ ತುಂಬುವ ಸಮಸ್ಯೆ. 1,024 ಬೈಟ್‌ಗಳ ಜಾಗವಿದೆ ಎನ್ನೋಣ. 600 ಬೈಟ್‌ಗಳ ಒಂದು ಕಾರ್ಯವಿಧಿಯನ್ನು ಇಟ್ಟರೆ 100 ಪಾಲು ಶಕ್ತಿ ಉಳಿಯುತ್ತದೆ. 500 ಬೈಟ್‌ಗಳ ಎರಡು ಕೋಷ್ಟಕಗಳಿವೆ, ತಲಾ 75 ಪಾಲು ಉಳಿಸುತ್ತವೆ. ಹೆಚ್ಚು ಲಾಭ ಕೊಡುವುದನ್ನು ಮೊದಲು ತುಂಬಿದರೆ ಕಾರ್ಯವಿಧಿ ಒಂದೇ ಕೂರುತ್ತದೆ, ಉಳಿತಾಯ 100. ಅದನ್ನು ಬಿಟ್ಟು ಎರಡೂ ಕೋಷ್ಟಕಗಳನ್ನು ಇಟ್ಟರೆ ಉಳಿತಾಯ 150. ಹೀಗಾಗಿ ಕಣ್ಣಿಗೆ ಕಂಡ ಲಾಭದ ಹಿಂದೆ ಹೋಗದೆ ಪೂರ್ಣಾಂಕ ರೇಖೀಯ ಯೋಜನೆ ಎಂಬ ಗಣಿತ ವಿಧಾನದಿಂದ ಒಟ್ಟಾರೆ ಉತ್ತಮವಾದ ಹಂಚಿಕೆಯನ್ನು ಕಂಡುಕೊಳ್ಳುತ್ತಾರೆ. ಡಾರ್ಟ್‌ಮುಂಡ್‌ನಲ್ಲಿ ಆರ್ಮ್7 ಪ್ರೊಸೆಸರ್‌ಗಾಗಿ ರೂಪಿಸಿದ ಎನ್‌ಸಿಸಿ ಎಂಬ ಸಿ ಕಂಪೈಲರ್ ಶಕ್ತಿಯ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು ಇಂತಹ ಹಂಚಿಕೆಯನ್ನು ಮಾಡುತ್ತಿತ್ತು.

ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ

ಸಾಮಾನ್ಯ ಮೈಕ್ರೋಕಂಟ್ರೋಲರ್‌ಗಳಲ್ಲಿ ಪ್ರೋಗ್ರಾಂ ಫ್ಲ್ಯಾಶ್ ಮೆಮೊರಿಯಲ್ಲಿದ್ದು ಅಲ್ಲಿಂದಲೇ ಓಡುತ್ತದೆ. ರ‍್ಯಾಮ್‌ನಿಂದ ಆದೇಶಗಳನ್ನು ತರುವುದಕ್ಕೆ ಇದಕ್ಕಿಂತ ಕಡಿಮೆ ಶಕ್ತಿ ಸಾಕು. ಆದರೆ ರ‍್ಯಾಮ್ ಕಿರಿದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೇಮ್ಸ್ ಪ್ಯಾಲಿಸ್ಟರ್, ಕೆರ್ಸ್ಟಿನ್ ಈಡರ್ ಮತ್ತು ಸೈಮನ್ ಹಾಲಿಸ್ 2015ರಲ್ಲಿ ಪ್ರಕಟಿಸಿದ ತಂತ್ರದಲ್ಲಿ, ಪ್ರೋಗ್ರಾಂನ ಆಯ್ದ ತುಣುಕುಗಳನ್ನು ಮಾತ್ರ ಕಂಪೈಲರ್ ರ‍್ಯಾಮ್‌ಗೆ ಸಾಗಿಸುತ್ತದೆ. ಎರಡು ಮೆಮೊರಿಗಳ ನಡುವೆ ಜಿಗಿಯಲು ಹೆಚ್ಚುವರಿ ಆದೇಶಗಳು ಬೇಕಾಗುವುದರಿಂದ ಪ್ರೋಗ್ರಾಂ ತುಸು ನಿಧಾನವಾಗುತ್ತದೆ. ಆದರೂ ಸರಾಸರಿ ಸಾಮರ್ಥ್ಯ ಗರಿಷ್ಠ 41%, ಒಟ್ಟು ಶಕ್ತಿ ಗರಿಷ್ಠ 22% ಇಳಿದವು. ಎಚ್ಚರ ಮತ್ತು ನಿದ್ರೆಯ ಸರದಿಯಲ್ಲಿ ನಡೆಯುವ ಉಪಕರಣದಲ್ಲಿ ಬ್ಯಾಟರಿ 32% ವರೆಗೆ ಹೆಚ್ಚು ಕಾಲ ಬರಬಲ್ಲದು ಎಂದು ಅವರು ತೋರಿಸಿದರು. ನಿಧಾನವಾದ ಪ್ರೋಗ್ರಾಂ ಮಿತವ್ಯಯದ್ದೂ ಆಗಿರಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆದೇಶಗಳ ಆಯ್ಕೆ ಮತ್ತು ಜೋಡಣೆ

ದುಬಾರಿ ಆದೇಶದ ಬದಲು ಅಗ್ಗದ್ದನ್ನು ಬಳಸುವುದು ಹಳೆಯ ತಂತ್ರ. ಎಂಟರಿಂದ ಗುಣಿಸುವ ಬದಲು ಬಿಟ್‌ಗಳನ್ನು ಎಡಕ್ಕೆ ಮೂರು ಸ್ಥಾನ ಸರಿಸಿದರೆ ಅದೇ ಉತ್ತರ ಬರುತ್ತದೆ. ಆರ್ಮ್ ಕಾರ್ಟೆಕ್ಸ್-ಎಂ0 ಪ್ರೊಸೆಸರ್‌ನಲ್ಲಿ ಭಾಗಾಕಾರದ ಆದೇಶವೇ ಇಲ್ಲ. ಒಂದು ಭಾಗಾಕಾರಕ್ಕೆ ಕಂಪೈಲರ್ ಒಂದು ಪೂರ್ಣ ಕಾರ್ಯವಿಧಿಯನ್ನೇ ಕರೆಯಬೇಕಾಗುತ್ತದೆ. ಭಾಜಕ ಸ್ಥಿರಸಂಖ್ಯೆಯಾಗಿದ್ದರೆ ಅದನ್ನು ಗುಣಾಕಾರ ಮತ್ತು ಸರಿಸುವಿಕೆಯಾಗಿ ಬದಲಿಸಬಹುದು.

ಆದೇಶದ ಅಗಲವೂ ಗಣನೆಗೆ ಬರುತ್ತದೆ. ಆರ್ಮ್ ಸಂಸ್ಥೆಯ ಥಂಬ್ ಆದೇಶಗಳು 32ರ ಬದಲು 16 ಬಿಟ್ ಅಗಲದವು. ಒಂದೇ ಕೆಲಸಕ್ಕೆ ಆದೇಶಗಳ ಸಂಖ್ಯೆ ಕೊಂಚ ಹೆಚ್ಚಿದರೂ ಪ್ರೋಗ್ರಾಂನ ಒಟ್ಟು ಗಾತ್ರ ಮೂರರಲ್ಲೊಂದು ಪಾಲಿನಷ್ಟು ತಗ್ಗುತ್ತದೆ, ಮೆಮೊರಿಯಿಂದ ತರಬೇಕಾದ ಬಿಟ್‌ಗಳೂ ಕಡಿಮೆಯಾಗುತ್ತವೆ. ರಿಸ್ಕ್-ಫೈವ್ ವಿನ್ಯಾಸದ ಸಂಕುಚಿತ ಆದೇಶಗಳ ಉದ್ದೇಶವೂ ಇದೇ.

ಜೋಡಣೆಯ ವಿಚಾರ ಹೆಚ್ಚು ಸೂಕ್ಷ್ಮವಾದುದು. ಎರಡರ ಸಂಖ್ಯಾಪದ್ಧತಿಯಲ್ಲಿ 7 ಎಂದರೆ 0111, 8 ಎಂದರೆ 1000. ಒಂದೇ ತಂತಿಗುಚ್ಛದ ಮೇಲೆ 7ರ ನಂತರ 8 ಸಾಗಿದರೆ ನಾಲ್ಕೂ ತಂತಿಗಳು ಹೊರಳುತ್ತವೆ. 6 ಸಾಗಿದರೆ ಒಂದೇ ಒಂದು. ಪರಸ್ಪರ ಅವಲಂಬನೆಯಿಲ್ಲದ ಆದೇಶಗಳನ್ನು ಹೊರಳುವಿಕೆ ಕಡಿಮೆಯಾಗುವ ಕ್ರಮದಲ್ಲಿ ಜೋಡಿಸಬೇಕೆಂಬ ತಂಪು ಜೋಡಣೆಯ ತಂತ್ರವನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಿಂಗ್-ಲಾಂಗ್ ಸು, ಚಿ-ಯಿಂಗ್ ತ್ಸುಯಿ ಮತ್ತು ಆಲ್ವಿನ್ ಡೆಸ್ಪೇನ್ 1994ರಲ್ಲಿ ಮುಂದಿಟ್ಟರು. ಮೆಮೊರಿ ವಿಳಾಸಗಳಿಗೆ ಗ್ರೇ ಸಂಕೇತವನ್ನು ಬಳಸುವ ಸಲಹೆಯೂ ಅವರ ಪ್ರಬಂಧದಲ್ಲಿತ್ತು. ಈ ಸಂಕೇತದಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗುವಾಗ ಒಂದೇ ಬಿಟ್ ಬದಲಾಗುತ್ತದೆ. ಸಾಮಾನ್ಯ ಎಣಿಕೆಯಲ್ಲಿ ಸರಾಸರಿ ಸುಮಾರು ಎರಡು ಬದಲಾಗುತ್ತವೆ.

ವಿಭವಾಂತರ ಮತ್ತು ನಿದ್ರೆ

ಸೂತ್ರದಲ್ಲಿ ವಿಭವಾಂತರ ವರ್ಗವಾಗಿ ಬರುವುದರಿಂದ ಅದನ್ನು ಸ್ವಲ್ಪ ಇಳಿಸಿದರೂ ಫಲ ದೊಡ್ಡದು. 1.2 ವೋಲ್ಟ್‌ನಿಂದ 0.9ಕ್ಕೆ ಇಳಿಸಿದರೆ ಪ್ರತಿ ಹೊರಳುವಿಕೆಯ ಶಕ್ತಿ ಸುಮಾರು 44% ಕಡಿಮೆಯಾಗುತ್ತದೆ. ವಿಭವಾಂತರ ಇಳಿದಾಗ ಆವೃತ್ತಿಯನ್ನೂ ಇಳಿಸಲೇಬೇಕು, ಕೆಲಸ ನಿಧಾನವಾಗುತ್ತದೆ. ಪ್ರೊಸೆಸರ್ ಹೇಗೂ ಮೆಮೊರಿಗಾಗಿ ಕಾಯುತ್ತಿರುವ ಭಾಗಗಳಲ್ಲಿ ನಿಧಾನಿಸಿದರೆ ನಷ್ಟ ಕಾಣುವುದಿಲ್ಲ. ಅಂತಹ ಭಾಗಗಳನ್ನು ಕಂಪೈಲರ್ ಗುರುತಿಸುವ ವಿಧಾನವನ್ನು ರಟ್ಗರ್ಸ್ ವಿಶ್ವವಿದ್ಯಾಲಯದ ಚುಂಗ್-ಸಿಂಗ್ ಸು ಮತ್ತು ಉಲ್ರಿಚ್ ಕ್ರೆಮರ್ 2003ರಲ್ಲಿ ಪ್ರಕಟಿಸಿದರು. ಲ್ಯಾಪ್‌ಟಾಪ್ ಒಂದರ ಮೇಲೆ ನೇರವಾಗಿ ಅಳೆದಾಗ ಇಡೀ ಯಂತ್ರದ ಶಕ್ತಿಯಲ್ಲಿ 28% ವರೆಗೆ ಉಳಿತಾಯವಾಯಿತು, ಸರಾಸರಿ 11%. ವೇಗದ ನಷ್ಟ 5%ಗಿಂತ ಕಡಿಮೆಯಿತ್ತು. ಅವರ ಪ್ರಯೋಗ ಎಂಬೆಡೆಡ್ ಯಂತ್ರದ ಮೇಲೆ ಆದುದಲ್ಲವಾದರೂ ವಿಧಾನ ಅಲ್ಲಿಗೂ ಅನ್ವಯಿಸುತ್ತದೆ.

ಇದಕ್ಕೆ ವಿರುದ್ಧವಾದ ನೀತಿಯೂ ಉಂಟು: ಪೂರ್ಣ ವೇಗದಲ್ಲಿ ಓಡಿ ಬೇಗ ಮುಗಿಸಿ ಗಾಢ ನಿದ್ರೆಗೆ ಜಾರುವುದು. ಸೋರಿಕೆಯ ಪಾಲು ಹೆಚ್ಚಿರುವ, ವಿಭವಾಂತರವನ್ನು ಬದಲಿಸಲಾಗದ ಚಿಪ್ಪುಗಳಲ್ಲಿ ಇದೇ ಸೂಕ್ತ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಂಎಸ್‌ಪಿ430 ಮೈಕ್ರೋಕಂಟ್ರೋಲರ್‌ನಲ್ಲಿ ಹಲವು ಹಂತಗಳ ನಿದ್ರಾಸ್ಥಿತಿಗಳಿವೆ. ಅದಕ್ಕೆ ಪ್ರೋಗ್ರಾಂ ಬರೆಯುವವರಿಗಾಗಿ ಸಂಸ್ಥೆ ಒದಗಿಸಿರುವ ಯುಎಲ್‌ಪಿ ಅಡ್ವೈಸರ್ ಎಂಬ ಸಾಧನವು ಕಂಪೈಲ್ ಮಾಡುವಾಗಲೇ ಎಚ್ಚರಿಕೆಗಳನ್ನು ನೀಡುತ್ತದೆ. ಕಾದು ಕುಳಿತುಕೊಳ್ಳುವ ಲೂಪ್ ಬದಲು ಟೈಮರ್ ಬಳಸಿ ನಿದ್ರಿಸಿ, ಭಾಗಾಕಾರ ಮತ್ತು ದಶಮಾಂಶ ಲೆಕ್ಕಗಳನ್ನು ತಪ್ಪಿಸಿ, ಲೂಪ್‌ಗಳಲ್ಲಿ ಮೇಲಕ್ಕೆ ಎಣಿಸುವ ಬದಲು ಸೊನ್ನೆಯವರೆಗೆ ಕೆಳಕ್ಕೆ ಎಣಿಸಿ ಎಂಬುವು ಅದರ ಸಲಹೆಗಳಲ್ಲಿ ಕೆಲವು. ಕೊನೆಯದು ವಿಚಿತ್ರವೆನಿಸಬಹುದು; ಸೊನ್ನೆಯಾಯಿತೇ ಎಂದು ಪರೀಕ್ಷಿಸಲು ಪ್ರತ್ಯೇಕ ಹೋಲಿಕೆಯ ಆದೇಶ ಬೇಕಾಗದಿರುವುದೇ ಅದರ ಗುಟ್ಟು.

ಗುಣಾಕಾರದಂತಹ ಘಟಕವು ಬಹಳ ಹೊತ್ತು ಬಳಕೆಯಾಗದೆಂದು ಕಂಪೈಲರ್‌ಗೆ ತಿಳಿದಾಗ ಆ ಘಟಕದ ವಿದ್ಯುತ್ತನ್ನೇ ಕಡಿತಗೊಳಿಸುವ ಆದೇಶ ಸೇರಿಸುವ ತಂತ್ರವೂ ಇದೆ. ಮತ್ತೆ ಎಬ್ಬಿಸಲು ತಗಲುವ ಶಕ್ತಿ ಉಳಿತಾಯಕ್ಕಿಂತ ಹೆಚ್ಚಾಗಬಾರದು.

ಕಂಪೈಲರ್‌ನ ಆಯ್ಕೆಗಳು

ಜಿಸಿಸಿ ಮತ್ತು ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್‌ಗಳಲ್ಲಿ ವೇಗಕ್ಕೆ ಮತ್ತು ಗಾತ್ರಕ್ಕೆ ಪ್ರತ್ಯೇಕ ಸುಧಾರಣಾ ಮಟ್ಟಗಳಿವೆ. ಶಕ್ತಿಗೆಂದೇ ಒಂದು ಮಟ್ಟವಿಲ್ಲ. ಇರುವ ಆಯ್ಕೆಗಳಲ್ಲೇ ಯಾವ ಜೋಡಣೆ ಶಕ್ತಿ ಉಳಿಸುತ್ತದೆ ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯ ಮತ್ತು ಎಂಬೆಕೋಸಂ ಸಂಸ್ಥೆಯವರು ಐದು ಬಗೆಯ ಪ್ರೊಸೆಸರ್‌ಗಳ ಮೇಲೆ ಪರೀಕ್ಷಿಸಿದರು. ಸಾಮಾನ್ಯವಾಗಿ ಓಟದ ಅವಧಿ ತಗ್ಗಿದಂತೆ ಶಕ್ತಿಯೂ ತಗ್ಗಿತು. ಆದರೆ ಎಲ್ಲ ಪ್ರೋಗ್ರಾಂಗಳಿಗೂ ಎಲ್ಲ ಪ್ರೊಸೆಸರ್‌ಗಳಿಗೂ ಒಪ್ಪುವ ಒಂದು ಜೋಡಣೆ ದೊರೆಯಲಿಲ್ಲ. ಲೂಪ್‌ನ ಒಡಲನ್ನು ಹಲವು ಸಲ ಬಿಡಿಸಿ ಬರೆಯುವ ಸುಧಾರಣೆಯನ್ನೇ ತೆಗೆದುಕೊಂಡರೆ, ಅದು ಜಿಗಿತಗಳನ್ನು ಕಡಿಮೆ ಮಾಡುತ್ತದೆ. ಅದೇ ವೇಳೆ ಪ್ರೋಗ್ರಾಂ ಹಿಗ್ಗಿ ಕ್ಯಾಶ್‌ನಿಂದ ಹೊರಚೆಲ್ಲಿದರೆ ಲಾಭವೆಲ್ಲ ಕರಗಿಹೋಗುತ್ತದೆ. ಆದ್ದರಿಂದ ನೂರಾರು ಆಯ್ಕೆಗಳಿಂದ ಸೂಕ್ತವಾದುವನ್ನು ಯಂತ್ರಕಲಿಕೆಯ ಮೂಲಕ ಆರಿಸುವ ಪ್ರಯತ್ನವನ್ನು ಅವರು ಮಜೀಕ್ ಎಂಬ ಯೋಜನೆಯಲ್ಲಿ ಕೈಗೊಂಡರು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಮೈಕ್ರೋಕಂಟ್ರೋಲರ್ ಫಲಕದ ವಿದ್ಯುತ್ ಪೂರೈಕೆಯ ತಂತಿಯಲ್ಲಿ 1 ಓಂ ರೋಧಕವನ್ನು ಸರಣಿಯಲ್ಲಿ ಜೋಡಿಸಿದರೆ, ಅದರ ತುದಿಗಳ ನಡುವಿನ ಪ್ರತಿ ಮಿಲಿವೋಲ್ಟ್ 1 ಮಿಲಿಆಂಪಿಯರ್ ಪ್ರವಾಹವನ್ನು ಸೂಚಿಸುತ್ತದೆ. ಒಂದೇ ಪ್ರೋಗ್ರಾಂ ಅನ್ನು ಬೇರೆ ಬೇರೆ ಮಟ್ಟಗಳಲ್ಲಿ ಕಂಪೈಲ್ ಮಾಡಿ, ಪ್ರವಾಹ ಮತ್ತು ಅವಧಿ ಎರಡನ್ನೂ ಬರೆದುಕೊಳ್ಳಬೇಕು. ಪ್ರವಾಹವನ್ನು ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು.

ಭಾರತದಲ್ಲಿ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನ ವಿಭಾಗದಲ್ಲಿ ಕಂಪೈಲರ್‌ಗಳ ಕುರಿತ ಬೋಧನೆ ಮತ್ತು ಸಂಶೋಧನೆ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿನ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 2007ರ ಎರಡನೆಯ ಆವೃತ್ತಿಯಲ್ಲಿ ಶಕ್ತಿಯ ಅರಿವುಳ್ಳ ಕಂಪೈಲರ್ ಸುಧಾರಣೆಗಳ ಬಗ್ಗೆ ಶ್ರೀಕಾಂತ್ ಮತ್ತು ಕೆ. ಆನಂದ ವರ್ಧನ್ ಬರೆದ ಅಧ್ಯಾಯವಿದೆ. ವಿಷಯವನ್ನು ಆಳವಾಗಿ ಓದಬಯಸುವವರಿಗೆ ಅದು ಒಳ್ಳೆಯ ಪ್ರವೇಶದ್ವಾರ. ಸ್ಕ್ರ್ಯಾಚ್‌ಪ್ಯಾಡ್ ಕುರಿತ ದೆಹಲಿಯ ಕೆಲಸವನ್ನು ಮೇಲೆ ಹೇಳಲಾಗಿದೆ.

ಮಿತಿಗಳು

ಕಂಪೈಲರ್‌ಗೆ ಕಾಣುವುದು ಪ್ರೊಸೆಸರ್ ಮತ್ತು ಮೆಮೊರಿ ಮಾತ್ರ. ನಿಸ್ತಂತು ಸಂವೇದಕಗಳಲ್ಲಿ ರೇಡಿಯೋ ಪ್ರಸಾರಕ್ಕೆ ತಗಲುವ ಶಕ್ತಿ ಅನೇಕ ವೇಳೆ ಲೆಕ್ಕಾಚಾರದ ಶಕ್ತಿಗಿಂತ ಬಹಳ ಹೆಚ್ಚು. ಅಂತಹ ಕಡೆ ಎಷ್ಟು ದತ್ತಾಂಶ ಕಳುಹಿಸಬೇಕು ಎಂಬ ಪ್ರೋಗ್ರಾಮರ್‌ನ ತೀರ್ಮಾನದ ಮುಂದೆ ಕಂಪೈಲರ್‌ನ ಕೊಡುಗೆ ಸಣ್ಣದು. ಸಮಯಮಿತಿಯ ಕಟ್ಟುಪಾಡು ಇನ್ನೊಂದು. ವಾಹನದ ಬ್ರೇಕ್ ನಿಯಂತ್ರಕದಲ್ಲಿ ಲೆಕ್ಕ ನಿಗದಿತ ಅವಧಿಯೊಳಗೆ ಮುಗಿಯಲೇಬೇಕಾದ್ದರಿಂದ, ಶಕ್ತಿಗಾಗಿ ವೇಗವನ್ನು ಎಷ್ಟು ತ್ಯಜಿಸಬಹುದೆಂಬುದು ಅತಿ ಕೆಟ್ಟ ಸಂದರ್ಭದ ಅವಧಿಯನ್ನು ಅವಲಂಬಿಸಿದೆ. ಪರಿಶೀಲಿಸಿ ಪ್ರಮಾಣೀಕರಿಸಿದ ವೈದ್ಯಕೀಯ ಮತ್ತು ವಿಮಾನ ತಂತ್ರಾಂಶಗಳಲ್ಲಿ ಕಂಪೈಲರ್‌ನ ಆವೃತ್ತಿ ಅಥವಾ ಆಯ್ಕೆಗಳನ್ನು ಬದಲಿಸಿದರೆ ಮರುಪರಿಶೀಲನೆ ಬೇಕಾಗುತ್ತದೆ. ಹಾಗಾಗಿ ಪೇಸ್‌ಮೇಕರ್‌ನಂತಹ, ಉಳಿತಾಯದ ಅಗತ್ಯ ಅತಿ ಹೆಚ್ಚಿರುವ ಉಪಕರಣಗಳಿಗೇ ಹೊಸ ತಂತ್ರಗಳು ತಡವಾಗಿ ತಲುಪುತ್ತವೆ.

ಭದ್ರತೆಯ ಪ್ರಶ್ನೆಯೂ ಇದೆ. ಪಾಲ್ ಕೋಚರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ಸ್ಮಾರ್ಟ್‌ಕಾರ್ಡ್ ಎಳೆಯುವ ವಿದ್ಯುತ್ತಿನ ಏರಿಳಿತವನ್ನು ಅಳೆದು ಅದರೊಳಗಿನ ಗುಪ್ತ ಕೀಲಿಯನ್ನು ಪತ್ತೆಹಚ್ಚಲು ಸಾಧ್ಯ. ದತ್ತಾಂಶಕ್ಕೆ ತಕ್ಕಂತೆ ಕೆಲಸವನ್ನು ಮೊಟಕುಗೊಳಿಸುವ ಸುಧಾರಣೆ ಶಕ್ತಿಯನ್ನು ಉಳಿಸಿದರೂ ಇಂತಹ ಏರಿಳಿತವನ್ನು ಹೆಚ್ಚಿಸಬಹುದು. ಗೂಢಲಿಪಿಯ ಪ್ರೋಗ್ರಾಂಗಳಲ್ಲಿ ಅದನ್ನು ಬೇಕೆಂದೇ ತಡೆಯುತ್ತಾರೆ.

ಬ್ಯಾಟರಿಯಿಲ್ಲದ ಉಪಕರಣಗಳು

ರೇಡಿಯೋ ಅಲೆ, ಬೆಳಕು ಅಥವಾ ಕಂಪನದಿಂದ ಶಕ್ತಿ ಸಂಗ್ರಹಿಸಿ ನಡೆಯುವ, ಬ್ಯಾಟರಿಯೇ ಇಲ್ಲದ ಉಪಕರಣಗಳಲ್ಲಿ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಪ್ರೋಗ್ರಾಂ ಮುಗಿಯುವ ಮೊದಲೇ ವಿದ್ಯುತ್ ಹೋಗುವುದು ಅಲ್ಲಿ ಅಪಘಾತವಲ್ಲ, ನಿತ್ಯದ ಸಂಗತಿ. ಮಸ್ಯಾಚುಸೆಟ್ಸ್ ವಿಶ್ವವಿದ್ಯಾಲಯದ ಬೆಂಜಮಿನ್ ರ‍್ಯಾನ್ಸ್‌ಫರ್ಡ್, ಜೇಕಬ್ ಸೋರ್ಬರ್ ಮತ್ತು ಕೆವಿನ್ ಫು 2011ರಲ್ಲಿ ಪ್ರಕಟಿಸಿದ ಮೆಮೆಂಟೋಸ್ ವ್ಯವಸ್ಥೆಯಲ್ಲಿ, ಕಂಪೈಲ್ ಮಾಡುವಾಗಲೇ ಲೂಪ್‌ಗಳ ಮತ್ತು ಕಾರ್ಯವಿಧಿಗಳ ಅಂಚಿನಲ್ಲಿ ಪರೀಕ್ಷಾಬಿಂದುಗಳನ್ನು ಸೇರಿಸಲಾಗುತ್ತದೆ. ಓಡುವಾಗ ಅಲ್ಲಿ ಉಳಿದ ವಿಭವಾಂತರವನ್ನು ನೋಡಿ, ಸಾಲದೆಂದು ಕಂಡರೆ ಅಲ್ಲಿಯವರೆಗಿನ ಸ್ಥಿತಿಯನ್ನು ಅಳಿಯದ ಮೆಮೊರಿಯಲ್ಲಿ ಬರೆದಿಡಲಾಗುತ್ತದೆ. ವಿದ್ಯುತ್ ಮರಳಿದಾಗ ಪ್ರೋಗ್ರಾಂ ಮೊದಲಿನಿಂದ ಆರಂಭವಾಗದೆ ಬರೆದಿಟ್ಟ ಜಾಗದಿಂದ ಮುಂದುವರಿಯುತ್ತದೆ. ಬರೆದಿಡುವುದಕ್ಕೂ ಶಕ್ತಿ ಬೇಕಾದ್ದರಿಂದ ಪರೀಕ್ಷಾಬಿಂದುಗಳು ಅತಿಯಾದರೆ ಕೆಲಸ ಸಾಗದು, ವಿರಳವಾದರೆ ಮಾಡಿದ್ದು ಕಳೆದುಹೋಗುತ್ತದೆ. ಅವುಗಳನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ ಸಂಶೋಧನೆ ಮುಂದುವರಿದಿದೆ.